ಗಾಳಿಗೆ ಮೂಗು ಬಂದ ಮೇಲೆ

ಗಾಳಿಗೆ ಮೂಗು ಬಂದು ಹನ್ನೊಂದು ವರ್ಷವಾಗಿತ್ತು.

ಅದಕ್ಕೂ ಮುಂಚೆ ಗಾಳಿ ಎಂದರೆ ಬರೀ ಗಾಳಿ. ಹೂವಿನ ಮೇಲೆ ಹಾದುಬಂದರೆ ಹೂವಿನ ವಾಸನೆ, ಗಟಾರದ ಮೇಲೆ ಹಾದುಬಂದರೆ ಗಟಾರದ್ದು. ಯಾರ ಮನೆಯ ಗುಟ್ಟನ್ನೂ ಅದು ಒಯ್ದು ಯಾರ ಕಿವಿಗೂ ಹಾಕುತ್ತಿರಲಿಲ್ಲ. ಈಗ ಊರೂರ ನೀರಿನ ಟ್ಯಾಂಕಿನ ನೆತ್ತಿಯ ಮೇಲೂ ಒಂದೊಂದು ತಗಡಿನ ಡಬ್ಬಿ ಕುಳಿತಿತ್ತು. ಹಗಲೂ ಇರುಳೂ ಗಾಳಿಯನ್ನು ಗುಟುಕು ಗುಟುಕಾಗಿ ಎಳೆದುಕೊಂಡು, ಅದರಲ್ಲಿ ಗಾಂಜಾ ಹೂವಿನ ಅಂಟಿನ ಕಣವೇನಾದರೂ ಇದೆಯೇ ಎಂದು ಹುಡುಕುವುದು ಅದರ ಕೆಲಸ. ಸಿಕ್ಕರೆ ಜಿಲ್ಲಾ ನಿಗಾ ಕೋಣೆಯ ಗೋಡೆಯ ಮೇಲಿನ ನಕಾಶೆಯಲ್ಲಿ ಒಂದು ಹಳದಿ ಚುಕ್ಕೆ ಹೊತ್ತಿಕೊಳ್ಳುತ್ತಿತ್ತು.

ಆ ನಕಾಶೆಯ ಮುಂದೆ ಬೆಳಗಿನ ಪಾಳಿಯಲ್ಲಿ ಕೂರುವವಳು ನೀಲಗಂಗಾ. ಇವತ್ತು ಹೊತ್ತಿದ್ದು ಒಂದೇ ಚುಕ್ಕೆ. ಭೀಮಾ ದಂಡೆಯ ಕರಿಫರಸಿ ಊರು, ಮೂರನೆಯ ಓಣಿ, ಕೊನೆಯ ಮನೆ. ಅವಳದೇ ಮನೆ.

ಚುಕ್ಕೆ ಹೊತ್ತಿದ ಎರಡು ನಿಮಿಷದೊಳಗೆ ಅದೇನೆಂದು ಮನುಷ್ಯರೊಬ್ಬರು ಗುರುತು ಹಚ್ಚಬೇಕು. ತುಳಸಿ, ಕರಿಮೆಣಸು, ಮಾವಿನ ಹೂವುಗಳಿಗೂ ಅದೇ ಕುಲದ ವಾಸನೆ ಇರುವುದರಿಂದ ಮೂಗು ಎಷ್ಟೋ ಸಲ ಮೋಸಹೋಗುತ್ತಿತ್ತು. ಒಮ್ಮೆ ಗುರುತು ಹಚ್ಚಿದರೆ ಇಪ್ಪತ್ನಾಲ್ಕು ತಾಸು ಆ ಜಾಗದ ಚುಕ್ಕೆ ಸುಮ್ಮನಿರುತ್ತದೆ. ನೀಲಗಂಗಾ ಉಸಿರು ಹಿಡಿದುಕೊಂಡು ‘ಕಾಮಕಸ್ತೂರಿ’ ಎಂದು ಒತ್ತಿದಳು. ಚುಕ್ಕೆ ಆರಿತು.

“ನೀಲಕ್ಕ, ನಿಮ್ಮನಿ ಕಾಮಕಸ್ತೂರಿಗೆ ಏನು ಗೊಬ್ಬರ ಹಾಕ್ತೀರಿ? ದಿನಾ ಮುಂಜಾನೆ ಚುಕ್ಕಿ ಹತ್ತತದಲ್ಲ!” ಪಕ್ಕದ ಕುರ್ಚಿಯ ಖಾದರಲಿಂಗ ಚಹಾ ಊದುತ್ತ ಕೇಳಿದ.

“ನಮ್ಮಾಯಿ ಹಾಡು ಹಾಡ್ತಾಳಪ್ಪ. ಅದಕ್ಕ ಬೆಳೀತದ.”

“ನಮ್ಮವ್ವನೂ ಹಾಡ್ತಾಳ. ನಮ್ಮನ್ಯಾಗ ಕೊತ್ತಂಬ್ರಿ ಸೈತ ಒಣಗಿ ಹೋಗ್ಯಾದ.”

ಅವನು ನಕ್ಕ. ಅವಳೂ ನಕ್ಕಳು. ಅವನ ಕಣ್ಣು ಮಾತ್ರ ನಗದೆ ಇನ್ನೂ ಗುಂಡಿಯ ಮೇಲೇ ಇದ್ದ ಅವಳ ಬೆರಳನ್ನು ನೋಡಿ, ಆಮೇಲೆ ಬೇರೆಲ್ಲೋ ನೋಡಿತು.

ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಅಂಟು, ಔಷಧ, ಬೀಜ ಎಲ್ಲ ಹೆಣ್ಣಿನ ಹೂವಿನಲ್ಲಿ. ಇದನ್ನು ಬಲ್ಲ ವಿಜ್ಞಾನಿಗಳು ಹನ್ನೊಂದು ವರ್ಷದ ಹಿಂದೆ ಪ್ರಯೋಗಶಾಲೆಯಲ್ಲಿ ಒಂದು ಪರಾಗ ತಯಾರಿಸಿದರು. ಅದು ಸೋಕಿದ ಹೆಣ್ಣು ಗಿಡ ಗಂಡು ಬೀಜವನ್ನೇ ಹೆರುತ್ತಿತ್ತು. ಆ ಗಂಡುಗಳು ಬೆಳೆದು ಅದೇ ಪರಾಗವನ್ನು ಮತ್ತೆ ಗಾಳಿಗೆ ಬಿಡುತ್ತಿದ್ದವು. ಜನ ಅದನ್ನು ‘ಗಂಡುಧೂಳಿ’ ಎಂದು ಕರೆದರು. ಒಂದು ಕುಲವನ್ನು ಮುಗಿಸಲು ಕೊಡಲಿ ಬೇಕಾಗಲಿಲ್ಲ, ಹೆಣ್ಣು ಹುಟ್ಟದ ಹಾಗೆ ಮಾಡಿದ್ದೇ ಸಾಕಾಯಿತು. ಗಾಳಿಗೆ ದೇಶದ ಗಡಿ ತಿಳಿಯಲಿಲ್ಲ. ಹೊರದೇಶಗಳಲ್ಲಿ ನಾರಿಗೆಂದು, ಎಣ್ಣೆಗೆಂದು, ಔಷಧಕ್ಕೆಂದು ಕಾಯ್ದೆಬದ್ಧವಾಗಿ ಬೆಳೆಯುತ್ತಿದ್ದ ಹೊಲಗಳೂ ಒಂದೊಂದಾಗಿ ಗಂಡಾಗಿ ನಿಂತು, ಒಣಗಿ, ಮುಗಿದವು. ಎಂಟನೆಯ ವರ್ಷಕ್ಕೆ ಭೂಮಿಯ ಮೇಲೆ ಒಂದೂ ಹೆಣ್ಣು ಗಾಂಜಾ ಉಳಿದಿಲ್ಲವೆಂದು ಸಾರಿ ಸಿಹಿ ಹಂಚಿದರು. ಆ ಪೇಢೆಯನ್ನು ನೀಲಗಂಗಾಳೂ ತಿಂದಿದ್ದಳು.

ಆಗ ಅವಳ ಮಗಳು ಬನುವಿಗೆ ನಾಲ್ಕು ವರ್ಷ. ಹತ್ತು ತಿಂಗಳ ಕೂಸಿದ್ದಾಗಲೇ ಅವಳಿಗೆ ಮೊದಲ ಫಿಟ್ಸ್ ಬಂದಿತ್ತು. ಏಳು ಬಗೆಯ ಔಷಧ ಸೋತಿದ್ದವು. ಮಗು ದಿನಕ್ಕೆ ಮೂವತ್ತು ಸಲ ಬಿಲ್ಲಿನಂತೆ ಬಾಗುವುದನ್ನು ನೋಡಲಾರದೆ ಗಂಡನೆಂಬವನು ಹೋಗಿಬಿಟ್ಟಿದ್ದ. ಮೂರನೆಯ ವರ್ಷದಲ್ಲಿ ದೊಡ್ಡ ಡಾಕ್ಟರು ಹೊರದೇಶದಿಂದ ಗಾಂಜಾ ಹೂವಿನ ಎಣ್ಣೆಯ ಔಷಧ ತರಿಸಿಕೊಟ್ಟರು. ದಿನಕ್ಕೆ ಮೂವತ್ತು ಇದ್ದದ್ದು ಎರಡಕ್ಕೆ ಇಳಿಯಿತು. ಬನು ಮೊದಲ ಬಾರಿಗೆ “ಅವ್ವಾ” ಅಂದಳು. ಬೆಕ್ಕಿಗೆ ಹೆಸರಿಟ್ಟಳು. ಪೇಢೆ ಹಂಚಿದ ಮರುವರ್ಷ ಕಂಪನಿಯಿಂದ ಪತ್ರ ಬಂತು. ಕಚ್ಚಾ ಮಾಲು ಇಲ್ಲ. ಕಾರ್ಖಾನೆಯಲ್ಲಿ ಅದೇ ಔಷಧ ತಯಾರಿಸಲು ಇನ್ನೂ ಕೆಲವು ವರ್ಷ ಬೇಕು, ಕ್ಷಮಿಸಿ.

ಈಗ ಬನುವಿಗೆ ಏಳು. ಬೆಕ್ಕಿನ ಹೆಸರು ಅವಳಿಗೆ ಮರೆತಿತ್ತು.

ಐದು ತಿಂಗಳ ಹಿಂದೆ ಹಳೆಯ ಕೇಸುಗಳ ಜಪ್ತಿ ಮಾಲನ್ನು ಸುಡಲು ನೀಲಗಂಗಾಳಿಗೆ ಆದೇಶ ಬಂದಿತ್ತು. ತಂಪು ಕಪಾಟಿನ ಮೂಲೆಯಲ್ಲಿ, ಗಂಡುಧೂಳಿಗೂ ಮೊದಲಿನ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ಒಂಬತ್ತು ಬೀಜ. ಅವಳು ಪೊಟ್ಟಣವನ್ನು ಸುಟ್ಟಳು, ಬೀಜಗಳನ್ನು ಬಾಯಿಯ ದವಡೆಯಲ್ಲಿಟ್ಟುಕೊಂಡು ಹೊರಗೆ ಬಂದಳು. ಏಳು ಸತ್ತಿದ್ದವು. ಎರಡು ಮೊಳೆತವು, ಒಂದು ಬಾಡಿತು. ಉಳಿದ ಒಂದು ಹೆಣ್ಣು. ಅದರ ಎಲೆಯೊಂದನ್ನು ಗುಟ್ಟಾಗಿ ಕಚೇರಿಯ ಯಂತ್ರಕ್ಕೆ ಕೊಟ್ಟು ನೋಡಿದಳು. ಅಮಲೇರಿಸುವ ಅಂಶ ಕಡಿಮೆ, ನರ ತಣಿಸುವ ಅಂಶ ಹೇರಳ. ಅವತ್ತು ಅವಳು ಬಚ್ಚಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಗಿಡ ಸಾಕಿದವಳು ಆಯಿ, ನೀಲಗಂಗಾಳ ತಾಯಿಯ ತಾಯಿ, ಎಂಬತ್ತು ದಾಟಿದವಳು. ಗುಡ್ಡದ ಅವಧೂತರ ಮಠದಲ್ಲಿ ಹರೆಯದಿಂದಲೂ ಸೊಪ್ಪಿನ ಸೇವೆ ಮಾಡಿದವಳು. ಗಾಂಜಾ ಎಂಬ ಮಾತು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಅವಳಿಗೆ ಅದು ಸೊಪ್ಪು, ಪ್ರಸಾದ. ಪಹರೆಯವರು ಬಂದು ಮಠದ ತೋಟ ಕಿತ್ತ ದಿನ ಅವಳು ಉಣ್ಣಲಿಲ್ಲ. ಗಾಂಜಾದ ಬೇರು ಕೊಳೆಸುವ ಬೂಸ್ಟನ್ನೂ ಸರಕಾರ ಎಲ್ಲೆಡೆ ಮಣ್ಣಿಗೆ ಬಿಟ್ಟಿತ್ತು. ಅದಕ್ಕೆಂದೇ ಆಯಿ ಹಿತ್ತಲ ಮಣ್ಣನ್ನು ಹೆಂಚಿನ ಮೇಲೆ ಬುಟ್ಟಿ ಬುಟ್ಟಿ ಹುರಿದು, ಎಮ್ಮೆಗೆ ನೀರಿಡುತ್ತಿದ್ದ ಕಲ್ಲುಬಾನಿಯಲ್ಲಿ ತುಂಬಿ ಗಿಡ ಊರಿದಳು. ಸುತ್ತ ಕಾಮಕಸ್ತೂರಿಯ ಕುಂಡ ಇಟ್ಟಳು. ನೀಲಗಂಗಾ ಟೊಂಗೆ ಕತ್ತರಿಸಿ ಬೇರು ಬರಿಸಲು ಏಳು ಸಲ ಹೆಣಗಿದಳು. ನೀರಲ್ಲೂ ಆ ಬೂಸ್ಟು ಇತ್ತು. ಬೇರು ಬಲಿತ ಗಿಡ ಅದನ್ನು ತಾಳಿಕೊಂಡಿತು, ಹಸಿ ಟೊಂಗೆಗಳು ಏಳೂ ಕೊಳೆತವು.

ಹಾಗಾಗಿ ಇದ್ದದ್ದು ಒಂದೇ ಗಿಡ. ಹೂ ಬಲಿತಿತ್ತು. ಈಗ ಕೊಯ್ದರೆ ಬನುವಿಗೆ ಇಪ್ಪತ್ತು ದಿನದ ಎಣ್ಣೆ. ಆಮೇಲೆ ಏನೂ ಇಲ್ಲ, ಈ ಭೂಮಿ ಇರುವ ತನಕ.

ಆದರೆ ನಿಗಾ ಕೋಣೆಯ ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆ ಇತ್ತು. ಪರಾಗ ಸಿಗದೆ ಬಹಳ ದಿನ ಕಾದ ಹೆಣ್ಣು ಗಿಡ, ಅಪರೂಪಕ್ಕೆ, ತನ್ನ ಮೈಮೇಲೆಯೇ ಕೆಲವು ಗಂಡು ಹೂ ಬಿಡುತ್ತದೆ. ಆ ಪರಾಗ ಅದೇ ಗಿಡದ ಹೆಣ್ಣು ಹೂವಿಗೆ ಬಿದ್ದು ಹುಟ್ಟುವ ಬೀಜಗಳೆಲ್ಲ ಹೆಣ್ಣೇ ಆಗಿರುತ್ತವೆ. ಕಂಡ ಕೂಡಲೆ ನಾಶಪಡಿಸಿ.

ನೀಲಗಂಗಾ ಕಾಯಲು ನಿಶ್ಚಯಿಸಿದಳು. ಯಾಕೆ ಕಾಯುತ್ತಿದ್ದೇನೆಂದು ಆಯಿಗೆ ಹೇಳಲಿಲ್ಲ. ಹೇಳಿದರೆ ಎಲ್ಲಿ ಆಸೆಗೆ ದೃಷ್ಟಿ ತಾಗುತ್ತದೋ ಎಂದು ಅಂಜಿದಳು. ಲೆಕ್ಕದಂತೆ ಯೋಚಿಸುವವಳು ಇದೊಂದರಲ್ಲಿ ಆಯಿಯ ಕಥೆಗಳಲ್ಲಿ ಬೆಳೆದ ಹುಡುಗಿಯೇ ಆಗಿ ಉಳಿದಿದ್ದಳು.

“ಹೂ ಬಲತಾವ, ಯಾಕ ಕೊಯ್ಯವಲ್ಲಿ?” ಬನುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಯಿ ದಿನವೂ ಕೇಳುತ್ತಿದ್ದಳು. “ಕೂಸಿನ ನಾಲಿಗಿ ನೋಡು, ಕಡಕೊಂಡು ಕಡಕೊಂಡು ಚಿಂದಿ ಆಗ್ಯಾದ. ನೀ ತಾಯಿಯೋ, ಆಫೀಸೋ?”

“ಇನ್ನೊಂದು ನಾಕ ದಿನ ತಡಿ ಆಯಿ.”

“ನಾಕ ನಾಕ ಅಂತ ಹತ್ತಾದವು.”

ಒಳಗೆ ಬನುವಿನ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು ಶುರುವಾಗುತ್ತಿತ್ತು. ನೀಲಗಂಗಾ ಅವಳನ್ನು ಮಗ್ಗುಲಾಗಿಸಿ, ಬಾಯಿಯ ನೊರೆ ಒರೆಸಿ, ಗಡಿಯಾರ ನೋಡುತ್ತ ಕೂರುತ್ತಿದ್ದಳು. ಒಂದು ನಿಮಿಷ, ಎರಡು ನಿಮಿಷ, ನಾಲ್ಕು. ಹತ್ತು ಹೆಜ್ಜೆಯಾಚೆ ಹಿತ್ತಲಲ್ಲಿ ಔಷಧ ಗಾಳಿಗೆ ತಲೆದೂಗುತ್ತಿತ್ತು. ಕೊಯ್ಯಬಾರದೆಂದು ತನ್ನ ಕೈಯನ್ನು ತಾನೇ ತೊಡೆಯ ಕೆಳಗೆ ಒತ್ತಿ ಹಿಡಿಯುತ್ತಿದ್ದಳು.

ಹತ್ತನೆಯ ದಿನ ಕಚೇರಿಗೆ ಸುತ್ತೋಲೆ ಬಂತು. ಖಾದರಲಿಂಗ ಅದನ್ನು ಗಟ್ಟಿಯಾಗಿ ಓದಿದ. “ಬರುವ ಒಂದನೇ ತಾರೀಖಿನಿಂದ ಮನುಷ್ಯರು ಗುರುತು ಹಚ್ಚುವ ಅಗತ್ಯವಿಲ್ಲ. ಯಂತ್ರವೇ ನಿರ್ಧರಿಸುತ್ತದೆ.” ಕಾಗದ ಮಡಚಿ, ದನಿ ತಗ್ಗಿಸಿದ. “ಇನ್ನ ಹನ್ನೆರಡು ದಿನ, ನೀಲಕ್ಕ. ಆಮ್ಯಾಲ ಕಾಮಕಸ್ತೂರಿ ಅಂದ್ರ ಅದು ಕೇಳಂಗಿಲ್ಲ.”

ಅವನಿಗೆ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತೋ! ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ತಲೆಯಾಡಿಸಿದ. “ನನಗೇನೂ ಹೇಳಬ್ಯಾಡ. ಕೇಳಿದ್ರ ನಾ ಬರದು ಕೊಡಬೇಕಾಗ್ತದ.”

ಅವಳು ಮಧ್ಯಾಹ್ನದ ಬಸ್ಸಿಗೆ ಕಾಯದೆ ಟಂಟಂ ಆಟೋ ಹತ್ತಿ ಊರಿಗೆ ಬಂದಳು. ಬೀಜ ಬಲಿಯಲು ಮೂವತ್ತು ದಿನ ಬೇಕು, ಇರುವುದು ಹನ್ನೆರಡು. ಹಿತ್ತಲಿಗೆ ಓಡಿದಳು.

ಆಯಿ ಬರಿಗಾಲಲ್ಲಿ ಗಿಡದ ಮುಂದೆ ನಿಂತಿದ್ದಳು. ಬೆರಳುಗಳು ಟೊಂಗೆಯ ಸಂದಿಯಲ್ಲಿ ಓಡಾಡುತ್ತಿದ್ದವು, ಬಳೆ ಮಾರುವವರ ಬೆರಳಿನಂತೆ ಚುರುಕಾಗಿ. ಒಂದು ಕಡೆ ನಿಂತವು. ಚಿವುಟಿದವು. ಸಣ್ಣದೊಂದು ಹಳದಿ ಮೊಗ್ಗು ಅವಳ ಸೆರಗಿನ ಗಂಟಿಗೆ ಹೋಯಿತು.

“ಆಯಿ. ಏನದು?”

ಆಯಿ ಬೆಚ್ಚಿದಳು. “ಏನಿಲ್ಲ ಬಿಡು. ಬಾಯಿಲೆ ಹೇಳೂದಲ್ಲ ಅದು.”

“ಗಂಟು ಬಿಚ್ಚು.”

ಸೆರಗಿನ ಗಂಟಿನಲ್ಲಿ ಒಂಬತ್ತೋ ಹತ್ತೋ ಹಳದಿ ಮೊಗ್ಗುಗಳು, ಒಣಗಿ ಜೀರಿಗೆ ಕಾಳಿನಷ್ಟಾಗಿದ್ದವು. ಮಠದ ತೋಟದಲ್ಲಿ ಆಯಿ ನಲವತ್ತು ವರ್ಷ ಮಾಡಿದ ಸೇವೆ ಅದೊಂದೇ: ಗಂಡು ಕಂಡಲ್ಲಿ ಕೀಳುವುದು. ಹೆಣ್ಣಿಗೆ ಗಂಡಿನ ಧೂಳಿ ಸೋಕಿದರೆ ಸೊಪ್ಪಿನ ಸತ್ವ ಬೀಜಕ್ಕೆ ಹೋಗುತ್ತದೆ, ಗದ್ದುಗೆಗೆ ಏರಿಸಲು ಬರುವುದಿಲ್ಲ. ಹೆಣ್ಣಿನ ಮೈಮೇಲೆಯೇ ಗಂಡು ಮೂಡಿದರಂತೂ ದೊಡ್ಡ ಅಪಶಕುನ. ಬರಿಗಾಲಲ್ಲಿ ಹೋಗಿ, ಸದ್ದಿಲ್ಲದೆ ಚಿವುಟಿ, ಯಾರೊಡನೆಯೂ ಆಡದೆ ಹೊಳೆಗೆ ಬಿಡಬೇಕು. ಕಣ್ಣು ಮಂಜಾದರೂ ಬೆರಳು ಮರೆತಿರಲಿಲ್ಲ.

“ಒಂದೂ ಬಿಟ್ಟಿಲ್ಲವ್ವಾ,” ಆಯಿ ಸಣ್ಣ ದನಿಯಲ್ಲಿ ಹೇಳಿದಳು, ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. “ಆರ ದಿನದಿಂದ ಮೂಡಾಕತ್ತಾವ. ನಿನಗ ಅಂಜಿಕಿ ಆದೀತಂತ ಹೇಳಲಿಲ್ಲ.”

ನೀಲಗಂಗಾ ಮೊಗ್ಗುಗಳನ್ನು ಅಂಗೈಗೆ ಸುರಿದುಕೊಂಡಳು. ಆರು ದಿನ. ಆರು ದಿನ ಅವಳು ಮಗಳ ಬಾಯಿಯ ರಕ್ತ ಒರೆಸುತ್ತ ಯಾವುದಕ್ಕೆ ಕಾದಳೋ ಅದು ಬಂದಿತ್ತು. ಪ್ರತಿದಿನ ಬಂದು, ಪ್ರತಿದಿನ ಈ ಸೆರಗಿಗೆ ಹೋಗಿತ್ತು.

“ಅದಕ್ಕೇ ಕಾದಿದ್ದೆ ಆಯಿ,” ಅಂದಳು. ಬೈಯಲು ಹೊರಟ ಬಾಯಿ ಅಷ್ಟನ್ನೇ ಹೇಳಿತು. ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಆಯಿಯ ಮುಖ ಸುಟ್ಟ ಬಟ್ಟೆಯಂತೆ ಮುದುಡಿತು. ಅವಳು ತನ್ನ ಬಲಗೈಯನ್ನು ಕಲ್ಲುಬಾನಿಯ ಅಂಚಿಗೆ ಒಂದು ಸಲ ಬಡಿದಳು, ಇನ್ನೊಂದು ಸಲ ಬಡಿದಳು. ನೀಲಗಂಗಾ ಹಿಡಿದುಕೊಂಡಳು.

ಇಬ್ಬರೂ ಗಿಡವನ್ನು ಎಲೆ ಎಲೆಯಾಗಿ ಹುಡುಕಿದರು. ತೀರ ಕೆಳಗಿನ ಟೊಂಗೆಯಲ್ಲಿ, ಕಲ್ಲಿಗೆ ಆತುಕೊಂಡು ಬೆರಳು ಹೊಗದ ಸಂದಿಯಲ್ಲಿ, ಒಂದೇ ಒಂದು ಹಳದಿ ಹೂ ಬಿರಿದು ನಿಂತಿತ್ತು. ನೀಲಗಂಗಾ ಕಾಡಿಗೆ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಉಸಿರಾಡದೆ, ಆ ಧೂಳನ್ನು ತೆಗೆದು ಅದೇ ಟೊಂಗೆಯ ಹೆಣ್ಣು ಹೂಗಳಿಗೆ ಸವರಿದಳು. ಆ ಟೊಂಗೆಯನ್ನು ಬಿಟ್ಟು ಮೇಲಿನ ಹೂವೆಲ್ಲ ಅವತ್ತೇ ಕೊಯ್ದಳು. ಹದವಾಗಿ ಒಣಗಿಸಿ, ಹುರಿದು, ಕುಸುಬಿ ಎಣ್ಣೆಯಲ್ಲಿ ಹಾಕಿ ಬಿಸಿನೀರಿನ ಪಾತ್ರೆಯೊಳಗಿಟ್ಟು ಮೂರು ತಾಸು ಕಾಯಿಸಿದಳು.

ಎರಡನೆಯ ವಾರಕ್ಕೆ ಬನು ಒಂದಿಡೀ ದಿನ ಬಾಗಲಿಲ್ಲ. ಬಾಗಿಲ ಬಳಿ ಕೂತು ಬೆಕ್ಕನ್ನು ನೋಡಿ, “ಇದರ ಹೆಸರೇನಬೇ?” ಎಂದು ಕೇಳಿದಳು. “ನೀನೇ ಇಟ್ಟಿದ್ದೆಲ್ಲ, ಇನ್ನೊಂದು ಇಡು,” ಅಂದಳು ನೀಲಗಂಗಾ. ಕೆಳಗಿನ ಟೊಂಗೆಯಲ್ಲಿ ಹನ್ನೊಂದು ಹಸಿರು ಕಾಳು ಕಟ್ಟಿದ್ದವು. ಹಸಿಯವು. ಈಗ ಬಿಡಿಸಿದರೆ ಮೊಳೆಯದವು.

ಒಂದನೇ ತಾರೀಖಿಗೆ ಇನ್ನೊಂದೇ ದಿನ ಇತ್ತು. ಅವತ್ತು ಅವಳು ಬೆಳಗಿನ ಚುಕ್ಕೆ ಆರಿಸಿ, ರಜೆ ಹಾಕಿ ಮನೆಗೆ ಬಂದಿದ್ದಳು. ಹನ್ನೊಂದಕ್ಕೆ, ಅವಳು ವರ್ಷದ ಹಿಂದೆ ಹಾಕಿದ್ದ ಅರ್ಜಿಗೆ ಅಹವಾಲು ಸಮಿತಿಯವರು ಫೋನಿನ ಪರದೆಯ ಮೇಲೆ ಬಂದರು. ಔಷಧಕ್ಕಾಗಿ ಗಾಂಜಾ ಬೆಳೆಯಲು ಪರವಾನಗಿ ಕೇಳಿದ ಅರ್ಜಿ ಅದು. ಅಧ್ಯಕ್ಷರು ಬೆಂಗಳೂರಿನವರು, ಮೃದುವಾದ ಮನುಷ್ಯ.

“ನಿಮ್ಮ ಕಷ್ಟ ಅರ್ಥ ಆಗುತ್ತಮ್ಮ. ಆದರೆ ಇಲ್ಲದೇ ಇರೋ ಗಿಡಕ್ಕೆ ಪರವಾನಗಿ ಹೇಗೆ ಕೊಡೋದು?”

“ಇದ್ದರ ಕೊಡ್ತೀರೇನ್ರಿ?”

“ಇದ್ದರೆ ನಾಶ ಮಾಡಬೇಕು. ಕಾಯ್ದೆ ಹಾಗಿದೆ.”

“ಹಂಗಾರ ನಮ್ಮ ಕೂಸು ಯಾವಾಗ ಬದುಕಬೇಕ್ರಿ ಸಾಹೇಬ್ರ? ಗಿಡ ಇಲ್ಲದಾಗೋ, ಇದ್ದಾಗೋ?”

ಪರದೆಯ ಮೇಲೆ ಯಾರೋ ಕೆಮ್ಮಿದರು. ನೀಲಗಂಗಾ ನಿಲ್ಲಿಸಲಿಲ್ಲ. “ಹನ್ನೊಂದು ವರ್ಷ ಆ ಕೋಣ್ಯಾಗ ಕುಂತು ಚುಕ್ಕಿ ಆರಿಸಿದಾಕಿ ನಾ. ಸೇದವ್ರು ಬಿಟ್ಟಿಲ್ರಿ. ಬಿಳಿ ಪುಡಿಗೆ ಹತ್ಯಾರ, ನಮ್ಮ ಓಣ್ಯಾಗೇ ಮೂರು ಹೆಣ ಎತ್ತೀವಿ. ಕುಡಿಯೂದಕ್ಕ ಅಂಗಡಿ ಅದ, ಲೈಸನ್ಸ್ ಅದ, ಬಾಗಲಾ ತೆಗಿಯೂ ಟೈಮ್ ಅದ. ಇದಕ್ಕೂ ಒಂದು ಬೇಲಿ ಹಾಕ್ರಿ. ಎಷ್ಟು ಬೆಳೀಬೇಕು ಬರದು ಕೊಡ್ರಿ, ಡಾಕ್ಟರ ಚೀಟಿ ಕೇಳ್ರಿ, ಸಣ್ಣ ಹುಡುಗರ ಕೈಗೆ ಕೊಟ್ಟವರನ್ನ ಜೇಲಿಗೆ ಹಾಕ್ರಿ. ನಾರಾಗ್ತಿತ್ತು, ಎಣ್ಣಿ ಆಗ್ತಿತ್ತು, ಔಷಧ ಆಗ್ತಿತ್ತು. ಕೆಡಿಸವ್ರು ಮನುಷ್ಯಾರು, ಸಾಯೂದು ಗಿಡ. ಅದ್ಯಾವ ನ್ಯಾಯ?”

“ಭಾವನೆ ಬೇರೆ, ವಾಸ್ತವ ಬೇರೆ. ಆ ಗಿಡ ಈಗ...”

ಅವಳು ಫೋನನ್ನು ತಿರುಗಿಸಿದಳು. ಕಲ್ಲುಬಾನಿ, ಕೊಯ್ದ ಟೊಂಗೆಗಳು, ಕೆಳಗೆ ಹನ್ನೊಂದು ಕಾಳು ಹೊತ್ತ ಒಂದು ಹಸಿರು ಕೈ. “ಅದ ನೋಡ್ರಿ. ಹೆಣ್ಣು. ನಾಳೆ ನಿಮ್ಮ ಯಂತ್ರ ಹೇಳತದ, ಅದಕ್ಕ ಇವತ್ತ ನಾನ ಹೇಳೀನಿ. ಇನ್ನ ಹತ್ತೊಂಬತ್ತು ದಿನ ಕೊಡ್ರಿ, ಸಾಕು. ಬೀಜ ನಿಮ್ಮ ಕೈಯಾಗೇ ಕೊಡ್ತೀನಿ.”

ಐದು ಮುಖಗಳೂ ಪರದೆಯ ಹತ್ತಿರಕ್ಕೆ ಬಾಗಿದವು. ಅಧ್ಯಕ್ಷರು ಕನ್ನಡಕ ತೆಗೆದರು. ಅಂಗಿಯ ಅಂಚಿನಿಂದ ಅದನ್ನು ಒರೆಸಿದರು. ಆ ಹೊತ್ತಿನಲ್ಲಿ ಅವಳು ಏನೇನೋ ಕಂಡಳು: ಬೇಲಿ, ಹೊಲ, ಸಾಲು ಬಾಟಲಿ, ಶಾಲೆಯ ಚೀಲ ಹೊತ್ತ ಬನು.

“ಕ್ಷಮಿಸಿ ಅಮ್ಮ,” ಅಂದರು ಅವರು. “ನೋಡಿದ ಮೇಲೆ ನನಗೆ ಬೇರೆ ದಾರಿ ಇಲ್ಲ.” ಪರದೆ ಕಪ್ಪಾಯಿತು.

ಹತ್ತು ನಿಮಿಷಕ್ಕೆ ಖಾದರಲಿಂಗನ ಫೋನು. ಅವನು ಡ್ರೋನಿನ ಚಿತ್ರ ಬರುವ ಟ್ಯಾಬ್ ಹಿಡಿದು ಕಚೇರಿಯ ಬಚ್ಚಲಲ್ಲಿ ನಿಂತು ಪಿಸುಗುಟ್ಟುತ್ತಿದ್ದ. “ಡ್ರೋನ್ ಬಿಟ್ಟಾರ. ಅರ್ಧಾ ತಾಸಿನ್ಯಾಗ ಬರ್ತದ. ಮನಿ ಹೊಕ್ಕಬೇಕಂದ್ರ ವಾರಂಟ್ ಬೇಕು, ಮ್ಯಾಲಿಂದ ವಿಷ ಸಿಂಪಡಿಸಾಕ ಬ್ಯಾಡ.”

“ತಾಡಪತ್ರಿ ಹೊಚ್ಚಲೇನು?”

“ಅದು ಮಂಜು, ಸಂದ್ಯಾಗ ಇಳೀತದ. ಕೇಳಿಲ್ಲಿ. ಮಗ್ಗಲಾಗ ಮನುಷ್ಯಾರು ಕಂಡ್ರ ಅದು ಸಿಂಪಡಿಸಂಗಿಲ್ಲ, ಹಂಗ ಮಾಡಿಟ್ಟಾರ. ಯಾರನ್ನಾರ ಕುಂದರಸು.”

ಮಾತು ಮುಗಿಯುವ ಮುಂಚೆ ಆಯಿ ಎದ್ದಿದ್ದಳು. ಕಾಮಕಸ್ತೂರಿಯ ಕುಂಡಗಳನ್ನು ಕಾಲಿಂದ ಸರಿಸಿ, ಕಲ್ಲುಬಾನಿಯನ್ನು ಅಪ್ಪಿಕೊಂಡು, ಆ ಒಂದು ಟೊಂಗೆಯನ್ನು ತನ್ನ ಎದೆಯ ಕೆಳಗೆ ಇಟ್ಟುಕೊಂಡು ಕುಳಿತಳು. ಮೇ ತಿಂಗಳ ನಡುಹಗಲು. ಹಿತ್ತಲ ಫರಸಿ ಕಲ್ಲು ರೊಟ್ಟಿ ಬೇಯುವಷ್ಟು ಕಾದಿತ್ತು.

“ನಾ ಕುಂದರತೀನಿ, ನೀ ಒಳಗ ಹೋಗು.”

“ಕೂಸಿನ ಕಡೆ ಯಾರು ನೋಡಬೇಕು? ಹೋಗು. ಈ ಕೈ ಮಾಡಿದ್ದನ್ನ ಈ ಮೈ ತೀರಸ್ತದ.”

ಡ್ರೋನ್ ಬಂತು. ಬೇವಿನ ಮರದ ಮೇಲೆ ನಿಂತು, ಬಾನಿಯ ನೇರಕ್ಕೆ ಇಳಿಯಿತು. ಇಳಿಯುತ್ತಲೇ ಇತ್ತು. ಫೋನಿನಲ್ಲಿ ಖಾದರಲಿಂಗನ ಉಸಿರು ಕಿತ್ತುಬಂತು. “ಆಯಿ ಕಾಣವಲ್ಲಳು ನೀಲಕ್ಕ! ಅದು ನೋಡೂದು ಬಿಸಿ. ಬಿಸಲಾಗ ಕಲ್ಲೂ ಒಂದ, ಸೀರಿಯೂ ಒಂದ, ಎಲ್ಲಾ ಒಂದ ಬಣ್ಣ. ಸುತ್ತಲಿಗಿಂತ ಬ್ಯಾರೆ ಕಾಣಬೇಕು ಆಕಿ. ನೀರು ಹಾಕು. ತಣ್ಣನ ನೀರು!”

ನೀಲಗಂಗಾ ಕುಡಿಯುವ ನೀರಿನ ಕೊಡ ಎತ್ತಿ ಆಯಿಯ ತಲೆಯ ಮೇಲೆ ಸುರಿದಳು. ಬಿಳಿ ಕೂದಲು ಹಣೆಗೆ ಅಂಟಿತು. ಆಯಿ ಒಂದು ಸಲ ನಡುಗಿದಳು, ಟೊಂಗೆಯ ಮೇಲೆ ಇನ್ನಷ್ಟು ಬಾಗಿದಳು.

“ಕಂಡ್ತು! ಕರೀ ಆಕಾರ ಕಂಡ್ತು! ನಿಂತದ ಅದು.” ಒಂದು ಗಳಿಗೆ ಬಿಟ್ಟು, “ಆರಾಕತ್ತದ ನೀಲಕ್ಕ, ನೀರು ಆರಾಕತ್ತದ. ಮತ್ತ ಹಾಕು.”

ಟ್ಯಾಂಕರು ಬರುವುದು ವಾರಕ್ಕೆರಡು ಸಲ. ಮನೆಯಲ್ಲಿ ಇದ್ದದ್ದು ನಾಲ್ಕು ಕೊಡ. ನಾಲ್ಕನೆಯದು ಮುಗಿದಾಗ ಡ್ರೋನ್ ಮತ್ತೆ ಒಂದು ಮೊಳ ಇಳಿಯಿತು. ಹಿತ್ತಲ ಗೋಡೆಯ ಮೇಲೆ ಪಕ್ಕದ ಮನೆಯ ಮಾಲನಬಿಯ ಮುಖ ಕಾಣಿಸಿತು. “ಏನ ನಡಿಸೀರಬೇ, ಮುದುಕೀಗಿ ಬಿಸಲಾಗ ಜಳಕಾ?” ಅಂದವಳು ಮೇಲೆ ನೋಡಿದಳು, ಕೆಳಗೆ ನೋಡಿದಳು, ಬಾಗಿಲಲ್ಲಿ ಬೆಕ್ಕನ್ನು ತಬ್ಬಿಕೊಂಡು ನಿಂತ ಬನುವನ್ನು ನೋಡಿದಳು. ಮುಖ ಮರೆಯಾಯಿತು. ಮರುಗಳಿಗೆ ಗೋಡೆಯ ಮೇಲೆ ಒಂದು ತುಂಬಿದ ಕೊಡ ಬಂದು ಕೂತಿತು, ಅದರ ಹಿಂದೆ ಇನ್ನೊಂದು.

ನೀಲಗಂಗಾ ಸುರಿದಳು. ಎಣ್ಣೆ ಇನ್ನು ಹತ್ತು ದಿನಕ್ಕಿತ್ತು, ಬೀಜಕ್ಕೆ ಇನ್ನು ಹತ್ತೊಂಬತ್ತು ಬೇಕಿತ್ತು, ವಾರಂಟು ನಾಳೆಯೋ ನಾಡಿದ್ದೋ. ಯಾವುದೂ ಯಾವುದಕ್ಕೂ ಹೊಂದುತ್ತಿರಲಿಲ್ಲ. ಆಯಿಯ ತುಟಿ ಬಿಳಿಚಿತ್ತು, ಕಣ್ಣು ಮುಚ್ಚಿತ್ತು. ಮೇಲೆ ಯಂತ್ರ ಸದ್ದು ಮಾಡುತ್ತ ಅಲ್ಲೇ ನಿಂತಿತ್ತು.

“ಆಯಿ, ಸಾಕು, ಏಳು. ನಾ ಕುಂದರತೀನಿ.”

ಆಯಿ ಏಳಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ.

“ಬೆನ್ನ ಮ್ಯಾಲ ಆರೇದ,” ಅಂದಳು. “ಅಲ್ಲಿ ಹಾಕು.”